ಮುಳುಗಲೆಂದೇ ಕಟ್ಟುವ ಹಡಗು: ರಿಮೋಟ್ ಯುದ್ಧನೌಕೆ ಕಾಳಗಕ್ಕೆ ಇಳಿಯುವುದು ಹೇಗೆ?

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿಯಿಂದ ಕಾರವಾರದ ನೌಕಾನೆಲೆಗೆ ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ತೊಗರಿ, ಹತ್ತಿ ಬೆಳೆಯುವ ಈ ಕರಿಮಣ್ಣಿನ ಸೀಮೆಯ ಮಕ್ಕಳಿಗೆ ಯುದ್ಧನೌಕೆ ಕಾಣಸಿಗುವುದು ಟಿ.ವಿ.ಯಲ್ಲಿ, ಇಲ್ಲವೇ ಪಠ್ಯಪುಸ್ತಕದಲ್ಲಿ. ಆದರೆ ಹಡಗು ಹೇಗೆ ತೇಲುತ್ತದೆ, ಏಟು ತಿಂದಾಗ ಹೇಗೆ ಮುಳುಗುತ್ತದೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕೈಯಾರೆ ಮಾಡಿ ಕಲಿಯಲು ಸಮುದ್ರ ಬೇಕಿಲ್ಲ. ಮೊಳಕಾಲುದ್ದದ ನಿಂತ ನೀರು, ಸ್ವಲ್ಪ ಪ್ಲೈವುಡ್, ಒಂದು ರಿಮೋಟ್ ಸೆಟ್ ಮತ್ತು ತಾಳ್ಮೆ ಇದ್ದರೆ ಸಾಕು. ರಿಮೋಟ್ ಯುದ್ಧನೌಕೆ ಕಾಳಗ ಎಂಬ ಹವ್ಯಾಸ ಕಲಿಸುವುದು ಇದನ್ನೇ.

ರೇಡಿಯೊ ಅಲೆಗಳಿಂದ ದೋಣಿ ನಡೆಸಬಹುದು ಎಂದು ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಜನರ ಮುಂದೆ ತೋರಿಸಿದ್ದು 1898ರಲ್ಲಿ. ಅಂಥ ದೋಣಿಗಳು ಒಂದರ ಮೇಲೊಂದು ಗುಂಡು ಹಾರಿಸಿ ನಿಜವಾಗಿ ಮುಳುಗಿಸುವ ಆಟ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ. ಇಪ್ಪತ್ತನೇ ಶತಮಾನದ ಮೊದಲ ಅರ್ಧದ ನಿಜವಾದ ಯುದ್ಧನೌಕೆಗಳನ್ನೇ ಅಳತೆಗೆ ತಕ್ಕಂತೆ ಚಿಕ್ಕದಾಗಿ ಕಟ್ಟಬೇಕು. ಒಡಲಿಗೆ ತೆಳುವಾದ ಬಾಲ್ಸಾ ಮರದ ಹೊದಿಕೆ. ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡದಿಂದ ಹಾರುವ ಪುಟ್ಟ ಉಕ್ಕಿನ ಗುಂಡು ಆ ಹೊದಿಕೆಯನ್ನು ತೂತು ಮಾಡುತ್ತದೆ. ನೀರು ಒಳನುಗ್ಗುತ್ತದೆ. ಪಂಪು ಹೊರಹಾಕುತ್ತದೆ. ಪಂಪು ಸೋತರೆ ಹಡಗು ತಳ ಸೇರುತ್ತದೆ. ಆಮೇಲೆ ಎತ್ತಿ, ಒಣಗಿಸಿ, ತೇಪೆ ಹಾಕಿದರೆ ಮತ್ತೆ ಕಾಳಗಕ್ಕೆ ಸಿದ್ಧ.

ಹೊಸಬರೆಲ್ಲರ ಕಣ್ಣು ಮೊದಲು ಹೋಗುವುದು ತೋಪಿನ ಮೇಲೆ. ಕೆಲಸದ ಕ್ರಮ ಇದಕ್ಕೆ ತಿರುಗುಮುರುಗು: ಮೊದಲು ಒಡಲು, ಆಮೇಲೆ ಪಂಪು, ತೋಪು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಪಾಲಿಸಿದವರು ಹವ್ಯಾಸದಲ್ಲಿ ಉಳಿಯುತ್ತಾರೆ.

ಯಾವ ಹಡಗು, ಎಷ್ಟು ದೊಡ್ಡದು?

ಅಮೆರಿಕದ ಹೆಚ್ಚಿನ ಕ್ಲಬ್ಬುಗಳು ಒಪ್ಪಿಕೊಂಡಿರುವ ಅಳತೆ 1:144. ನಿಜ ಹಡಗಿನ 144 ಮೀಟರ್ ಮಾದರಿಯಲ್ಲಿ ಒಂದು ಮೀಟರ್ ಆಗುತ್ತದೆ. ಜರ್ಮನಿಯ ‘ಬಿಸ್ಮಾರ್ಕ್’ನಂಥ 251 ಮೀಟರಿನ ದೈತ್ಯ ಈ ಅಳತೆಯಲ್ಲಿ 174 ಸೆಂ.ಮೀ. ಉದ್ದ; ಮೊದಲ ಪ್ರಯತ್ನಕ್ಕೆ ಅದು ಭಾರ. ತೀರಾ ಚಿಕ್ಕ ಡಿಸ್ಟ್ರಾಯರಿನಲ್ಲಿ ಬ್ಯಾಟರಿ, ಪಂಪು, ಅನಿಲದ ಬಾಟಲಿ ಹಿಡಿಸುವುದೇ ಕಷ್ಟ. ನಡುವಿನ ಕ್ರೂಸರ್ ಹೊಸಬರಿಗೆ ಹೊಂದುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಒಳ್ಳೆಯ ಆಯ್ಕೆಯಿದೆ: ಐಎನ್‌ಎಸ್ ಮೈಸೂರು. ಬ್ರಿಟನ್ನಿನಲ್ಲಿ 1939ರಲ್ಲಿ ನೀರಿಗಿಳಿದ ‘ನೈಜೀರಿಯಾ’ ಎಂಬ ಕ್ರೂಸರನ್ನು ಭಾರತ ಕೊಂಡು, 1957ರ ಆಗಸ್ಟ್‌ನಲ್ಲಿ ಈ ಹೆಸರಿನಿಂದ ನೌಕಾಪಡೆಗೆ ಸೇರಿಸಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಇದೇ, 1985ರಲ್ಲಿ ನಿವೃತ್ತವಾಯಿತು. ಉದ್ದ ಸುಮಾರು 169 ಮೀಟರ್, ಅಗಲ ಸುಮಾರು 19 ಮೀಟರ್. ಮೂರು ಗೋಪುರಗಳಲ್ಲಿ ಆರು ಇಂಚಿನ ಒಂಬತ್ತು ತೋಪುಗಳಿದ್ದವು. 144ರಿಂದ ಭಾಗಿಸಿದರೆ ಮಾದರಿಯ ಉದ್ದ 117 ಸೆಂ.ಮೀ., ಅಗಲ 13 ಸೆಂ.ಮೀ. ಬರುತ್ತದೆ. ನಿಜ ಹಡಗಿಗೆ ನಾಲ್ಕು ಪ್ರೊಪೆಲ್ಲರುಗಳಿದ್ದವು. ಮಾದರಿಯಲ್ಲಿ ಎರಡಕ್ಕೆ ಮೋಟಾರು ಕೊಟ್ಟರೆ ಧಾರಾಳವಾಗಿ ಓಡುತ್ತದೆ.

ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರೂ 144 ಪಟ್ಟು ಕುಗ್ಗುವುದರಿಂದ ತೂಕವನ್ನು 144ರ ಘನದಿಂದ, ಅಂದರೆ 29,85,984ರಿಂದ ಭಾಗಿಸಬೇಕು. ಸುಮಾರು 8,500 ಟನ್ನಿನ ಹಡಗು 2.85 ಕಿಲೋಗೆ ಇಳಿಯುತ್ತದೆ. ಇಂಧನ, ಮದ್ದುಗುಂಡು ತುಂಬಿದ ಹಡಗಿನ ತೂಕ ಹಿಡಿದರೂ ಮಾದರಿ ಮೂರೂವರೆ ಕಿಲೋ ಆಸುಪಾಸಿನಲ್ಲೇ ಇರಬೇಕು. ಒಡಲು, ಮೋಟಾರು, ಬ್ಯಾಟರಿ, ಪಂಪು, ಅನಿಲದ ಬಾಟಲಿ, ತೋಪು, ಗುಂಡು ಎಲ್ಲವೂ ಇದರೊಳಗೇ ಬರಬೇಕು. ಆದ್ದರಿಂದ ಕಟ್ಟುವುದಕ್ಕೆ ಮೊದಲೇ ಒಂದೊಂದು ಸಾಮಾನನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಪಟ್ಟಿ ಬರೆದು ಕೂಡಿಸಿ. ಕಾಗದದ ಮೇಲೆ ನಾಲ್ಕು ಕಿಲೋ ದಾಟಿದ ಹಡಗು ನೀರಿನಲ್ಲಿ ಸರಿಹೋಗುವುದಿಲ್ಲ.

ಒಡಲು ಕಟ್ಟುವ ಬಗೆ

ಸಾಮಾನ್ಯ ಮಾದರಿ ದೋಣಿಗೂ ಕಾಳಗದ ಹಡಗಿಗೂ ಇರುವ ದೊಡ್ಡ ವ್ಯತ್ಯಾಸ ಒಡಲಿನಲ್ಲಿದೆ. ಫೈಬರ್ ಗ್ಲಾಸ್ ಅಥವಾ ಪ್ಲೈವುಡ್‌ನಿಂದ ಗಟ್ಟಿ ಚೌಕಟ್ಟು ಮಾಡಿ, ಎರಡೂ ಪಕ್ಕದಲ್ಲಿ ದೊಡ್ಡ ಕಿಟಕಿಗಳನ್ನು ಕೊರೆಯುತ್ತಾರೆ. ಕಿಟಕಿಗಳ ನಡುವೆ ಉಳಿಯುವುದು ತೆಳ್ಳಗಿನ ಪಕ್ಕೆಲುಬುಗಳು. ಇಡೀ ಪಕ್ಕದ ಮೇಲೆ ಬಾಲ್ಸಾ ಹಾಳೆ ಅಂಟಿಸಿ, ತೆಳು ಕಾಗದ ಹೊದಿಸಿ, ಬಣ್ಣ ಬಳಿಯುತ್ತಾರೆ. ಹಾಳೆಯ ದಪ್ಪ ಸಾಮಾನ್ಯವಾಗಿ ಇಂಚಿನ ಮೂವತ್ತೆರಡನೇ ಒಂದು ಭಾಗ, ಸುಮಾರು 0.8 ಮಿ.ಮೀ. ಪಕ್ಕೆಲುಬುಗಳನ್ನು ಅಗಲ ಮಾಡಿಕೊಂಡು ಗುಂಡು ತಡೆಯುವುದು ಮೋಸ ಎನಿಸಿಕೊಳ್ಳುತ್ತದೆ. ಎಷ್ಟು ಭಾಗ ಗುಂಡಿಗೆ ತೆರೆದಿರಬೇಕು ಎಂದು ನಿಯಮವೇ ಹೇಳುತ್ತದೆ. ಇಲ್ಲಿ ಪ್ರತಿಯೊಂದು ಹಡಗೂ ಮುಳುಗಬಲ್ಲುದಾಗಿರಲೇಬೇಕು.

ಒಳಗಡೆ ಎರಡು ಮೋಟಾರು, ಚುಕ್ಕಾಣಿ ತಿರುಗಿಸಲು ಒಂದು ಸರ್ವೋ, ವೇಗ ನಿಯಂತ್ರಿಸಲು ಸ್ಪೀಡ್ ಕಂಟ್ರೋಲರ್, ರಿಸೀವರ್ ಮತ್ತು ಬ್ಯಾಟರಿ. ಪ್ರೊಪೆಲ್ಲರ್ ಶಾಫ್ಟ್ ಹೊರಬರುವ ಕೊಳವೆಗೆ ಗ್ರೀಸು ತುಂಬಬೇಕು. ಇಲ್ಲವಾದರೆ ಗುಂಡು ಬೀಳುವ ಮೊದಲೇ ನೀರು ಬರುತ್ತದೆ. ಭಾರದ ಬ್ಯಾಟರಿ ತಳದ ನಟ್ಟನಡುವೆ ಕೂರಬೇಕು. ಹಡಗು ಮುಳುಗುವುದು ಖಚಿತ ಎಂದುಕೊಂಡೇ ರಿಸೀವರನ್ನು ನೀರು ಹೋಗದ ಡಬ್ಬಿಯಲ್ಲಿ ಮುಚ್ಚಿ. 2.4 ಗಿಗಾಹರ್ಟ್ಸ್ ರಿಮೋಟುಗಳು ಭಾರತದಲ್ಲಿ ಪರವಾನಗಿ ಬೇಡದ ತರಂಗಪಟ್ಟಿಯಲ್ಲಿವೆ. ಆದರೆ ಆ ಅಲೆಗಳು ನೀರನ್ನು ದಾಟಲಾರವು. ಆಂಟೆನಾ ತಂತಿಯನ್ನು ಒಡಲಿನ ಒಳಗೆ ಬಿಡದೆ ಮೇಲಿನ ಕಟ್ಟಡದೊಳಗೆ ಎತ್ತರಕ್ಕೆ ನಿಲ್ಲಿಸಬೇಕು.

ಒಂದು ತೂತಿನ ಲೆಕ್ಕ

ಪ್ರಚಲಿತ ಸಣ್ಣ ತೋಪಿನ ಪದ್ಧತಿಯಲ್ಲಿ ಬಳಸುವ ಗುಂಡಿನ ವ್ಯಾಸ ಸುಮಾರು 4.5 ಮಿ.ಮೀ. ಅಂಥ ಒಂದು ತೂತು ನೀರಿನ ಮಟ್ಟಕ್ಕಿಂತ ಎರಡೂವರೆ ಸೆಂ.ಮೀ. ಕೆಳಗೆ ಬಿದ್ದಿತೆನ್ನಿ. ಆ ಆಳದಲ್ಲಿ ನೀರು ಸೆಕೆಂಡಿಗೆ ಸುಮಾರು 70 ಸೆಂ.ಮೀ. ವೇಗದಲ್ಲಿ ಒಳನುಗ್ಗುತ್ತದೆ. ತೂತಿನಲ್ಲಿ ಹರಿವು ಕಿರಿದಾಗುವುದನ್ನೂ ಹಿಡಿದು ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 400 ಮಿಲಿಲೀಟರ್. ಅಂಥವು ಐದಾದರೆ ನಿಮಿಷಕ್ಕೆ ಎರಡು ಲೀಟರ್, ಅಂದರೆ ಎರಡು ಕಿಲೋ ಹೊರೆ. ಮೂರು ಕಿಲೋ ತೂಕದ ಹಡಗು ಇದನ್ನು ಎಷ್ಟು ಹೊತ್ತು ತಾಳೀತು?

ಕ್ಲಬ್ಬುಗಳ ಅಂಕ ಪದ್ಧತಿ ಹುಟ್ಟಿರುವುದೂ ಇದೇ ಲೆಕ್ಕದಿಂದ. ನೀರಿನ ಮಟ್ಟಕ್ಕಿಂತ ಮೇಲಿನ ತೂತಿಗೆ 10 ಅಂಕ, ಮಟ್ಟದ ಮೇಲೆಯೇ ಬಿದ್ದರೆ 25, ಕೆಳಗಾದರೆ 50. ಮುಳುಗಿಸಿದರೆ ಹಡಗಿನ ದರ್ಜೆಗೆ ತಕ್ಕಂತೆ ಇನ್ನಷ್ಟು ಅಂಕ.

ಹೀಗಾಗಿ ಪಂಪೇ ಹಡಗಿನ ಪ್ರಾಣ. ಅದಕ್ಕೂ ಮಿತಿಯುಂಟು: ನೀರು ಹೊರಬೀಳುವ ಬಾಯಿ ಇಂಚಿನ ಎಂಟನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು. ಅದಲ್ಲದೆ ಪ್ರತಿ ಹಡಗಿಗೂ ಅದರ ಗಾತ್ರ ನೋಡಿ ಇಷ್ಟು ‘ಯೂನಿಟ್’ ಎಂದು ಕೊಡುತ್ತಾರೆ. ಅದನ್ನು ತೋಪಿಗೂ ಪಂಪಿಗೂ ಹಂಚಿಕೊಳ್ಳುವುದು ಕಟ್ಟುವವನ ಜಾಣತನ. ಒಡಲಿನ ತಳದಲ್ಲಿ ಎರಡೂ ಬದಿ ತುಂಬಿಸಿ ನಡುವೆ ಕಾಲುವೆಯಂತೆ ಬಿಟ್ಟರೆ ಬಂದ ನೀರೆಲ್ಲ ಪಂಪಿನ ಬುಡಕ್ಕೇ ಹರಿಯುತ್ತದೆ. ಕಾಲುವೆ ಇಲ್ಲದಿದ್ದರೆ ಹಡಗು ವಾಲಿದ ಕಡೆಗೆ ನೀರೆಲ್ಲ ಓಡಿ, ಇನ್ನಷ್ಟು ವಾಲಿಸಿ, ಅರ್ಧ ತುಂಬುವ ಮೊದಲೇ ಮಗುಚುತ್ತದೆ.

ಇದನ್ನು ಪರೀಕ್ಷಿಸಲು ದನಕ್ಕೆ ನೀರು ಕುಡಿಸುವ ಸಿಮೆಂಟ್ ತೊಟ್ಟಿ ಸಾಕು. ಹಡಗನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಪಂಪು ಚಾಲೂ ಮಾಡಿ, ಲೀಟರ್ ಚೊಂಬಿನಿಂದ ಒಳಗೆ ನೀರು ಸುರಿಯುತ್ತ ಹೋಗಿ. ನಿಮಿಷಕ್ಕೆ ಎಷ್ಟು ಲೀಟರ್ ಸುರಿದಾಗ ಪಂಪು ಹಿಂದೆ ಬೀಳುತ್ತದೆ, ಹಡಗು ಯಾವ ಕಡೆ ವಾಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಈ ಪರೀಕ್ಷೆಯಲ್ಲಿ ಗೆಲ್ಲದ ಹಡಗಿಗೆ ತೋಪು ಕೂರಿಸುವ ಮಾತೇ ಬೇಡ.

ತೋಪು ಮತ್ತು ನಮ್ಮ ಬಿಸಿಲು

ತೋಪಿನ ತತ್ವ ಸರಳ. ಬಾಟಲಿಯ ಅನಿಲದ ಒತ್ತಡವನ್ನು ರೆಗ್ಯುಲೇಟರು ಸುಮಾರು 150 ಪಿಎಸ್‌ಐಗೆ (ಚದರ ಇಂಚಿಗೆ 150 ಪೌಂಡ್) ಇಳಿಸುತ್ತದೆ. ರಿಮೋಟಿನ ಆಜ್ಞೆಗೆ ವಾಲ್ವ್ ತೆರೆದುಕೊಂಡು ಒಂದು ಗುಂಡು ಹೊರಬೀಳುತ್ತದೆ. ತೋಪೊಂದಕ್ಕೆ ಸುಮಾರು 50 ಗುಂಡು. ನಳಿಗೆ ಕೆಳಮುಖವಾಗಿರಬೇಕು, ಗುರಿ ತಪ್ಪಿದ ಗುಂಡು ಹತ್ತಿರದಲ್ಲೇ ನೀರಿಗೆ ಬೀಳಬೇಕು.

ಕಲಬುರಗಿ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಇಂಗಾಲದ ಡೈಆಕ್ಸೈಡ್ ಬಾಟಲಿಯೊಳಗೆ ದ್ರವವಾಗಿ ಉಳಿಯುವುದು 31 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದನ್ನು ದಾಟಿದರೆ ದ್ರವ, ಅನಿಲ ಎಂಬ ಭೇದವಳಿದು ಒತ್ತಡ ಭರದಿಂದ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತುಂಬಿದ ಬಾಟಲಿಯನ್ನು ಬಿಸಿಲಿನಲ್ಲಿ, ಜೀಪಿನೊಳಗೆ, ತಗಡಿನ ಶೆಡ್ಡಿನಲ್ಲಿ ಬಿಡಲೇಬಾರದು. ಒತ್ತಡ ಮೀರಿದರೆ ಒಡೆದು ಅನಿಲ ಬಿಡುವ ಸುರಕ್ಷಾ ಬಿಲ್ಲೆ ಇರುವ ಬಾಟಲಿಯನ್ನೇ ಕೊಳ್ಳಿ. ಮನೆಯಲ್ಲಿ ತುಂಬುವ ಸಾಹಸ ಬೇಡ. ಈ ಆಟಕ್ಕೆ ನಮ್ಮಲ್ಲಿ ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲವೇ ಒಳ್ಳೆಯದು.

ದಡದಲ್ಲಿರುವ ಪ್ರತಿಯೊಬ್ಬರೂ, ನೋಡಲು ಬಂದವರೂ ಸೇರಿ, ಗುಂಡು ತಡೆಯುವ ಕನ್ನಡಕ ಹಾಕಿರಲೇಬೇಕು. ಒಬ್ಬರು ನೀರಿಗಿಳಿದರೆ ಎಲ್ಲ ತೋಪುಗಳೂ ನಿಲ್ಲಬೇಕು. ಗಾಳಿ ಬಂದೂಕುಗಳೂ 2016ರ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ಗುಂಡು ಹಾರಿಸುವ ಯಾವ ಸಾಧನ ಮಾಡುವ ಮುಂಚೆಯೂ ಪೊಲೀಸ್ ಠಾಣೆಗೆ ಹೋಗಿ, ವಿನ್ಯಾಸ ತೋರಿಸಿ, ಲಿಖಿತವಾಗಿ ವಿಚಾರಿಸಿಕೊಳ್ಳಿ. ನೆಲೋಗಿಯಲ್ಲೇ ಠಾಣೆಯಿದೆ. ಶಾಲಾ ಮಕ್ಕಳಿಗೆ ಗುಂಡಿನ ತೋಪು ಬೇಡವೇ ಬೇಡ. ಹಡಗಿನ ಹಿಂಭಾಗಕ್ಕೆ ಬಲೂನು ಕಟ್ಟಿ, ಮೂತಿಗೆ ಗುಂಡುಸೂಜಿ ಸಿಕ್ಕಿಸಿ, ಎದುರಾಳಿಯ ಬಲೂನು ಒಡೆಯುವ ಪಂದ್ಯ ಆಡಿಸಿ. ಹಡಗು ನಡೆಸುವ ಕೌಶಲವೆಲ್ಲ ಅದರಲ್ಲೇ ಬರುತ್ತದೆ.

ನೀರು ಎಲ್ಲಿದೆ?

ಭೀಮೆ ಹತ್ತಿರದಲ್ಲೇ ಹರಿದರೂ ಅದು ಈ ಆಟದ ಜಾಗವಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಹರಿವಿನಲ್ಲಿ ಮುಳುಗಿದ ಹಡಗು ಕೈಗೆ ಸಿಗುವುದಿಲ್ಲ. ಹೂಳು ತುಂಬಿದ ಕೆರೆಯೂ ಅಷ್ಟೇ. ಹೊಲದ ಕೃಷಿ ಹೊಂಡ ಇನ್ನೂ ಅಪಾಯ: ಆಳ ಹೆಚ್ಚು, ಅಂಚಿನ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದವರು ಹತ್ತಿ ಬರುವುದು ಕಷ್ಟ. ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.

ಬದಲಿಗೆ ಹೊಲದ ಮೂಲೆಯಲ್ಲಿ ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, 45 ಸೆಂ.ಮೀ. ಆಳದ ಹೊಂಡ ತೋಡಿ ತಾಡಪತ್ರಿ ಹಾಸಿ. ಅದಕ್ಕೆ ಸುಮಾರು 21,600 ಲೀಟರ್ ನೀರು ಬೇಕು. ಐದು ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ಸಲ ಸುರಿದು ಇನ್ನೂ ಸ್ವಲ್ಪ. ಬರ ಕಂಡ ಈ ನಾಡಿನಲ್ಲಿ ಅಷ್ಟು ನೀರನ್ನು ವ್ಯರ್ಥ ಮಾಡಬಾರದು. ಆಟ ಮುಗಿದ ಮೇಲೆ ತಳದಲ್ಲಿ ಆಯಸ್ಕಾಂತ ಎಳೆದು ಉಕ್ಕಿನ ಗುಂಡುಗಳನ್ನೆಲ್ಲ ಹೆಕ್ಕಿ, ನೀರನ್ನು ಬೆಳೆಗೆ ಹರಿಸಿ. ಪ್ರತಿ ಹಡಗಿಗೂ ದಾರ ಕಟ್ಟಿದ ಒಂದು ಬೆಂಡು ಇರಲಿ. ಮುಳುಗಿದಾಗ ಅದು ಮೇಲೆ ತೇಲಿ ಜಾಗ ತೋರಿಸುತ್ತದೆ.

ಕಲಿಯುವ ದಾರಿ

ನಮ್ಮ ದೇಶದಲ್ಲಿ ಹಡಗು ಮಾದರಿ ಕಟ್ಟುವುದನ್ನು ಶಿಸ್ತಾಗಿ ಕಲಿಸುವುದು ಎನ್‌ಸಿಸಿ ನೌಕಾ ವಿಭಾಗ. ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಅದೊಂದು ಸ್ಪರ್ಧೆ. ಮಂಗಳೂರು, ಬೆಂಗಳೂರುಗಳಲ್ಲಿ ನೌಕಾ ಘಟಕಗಳಿವೆ. ಅಲ್ಲಿ ಓದುವ ನಮ್ಮ ಕಡೆಯ ಹುಡುಗರು, ಹುಡುಗಿಯರು ಸೇರಿಕೊಂಡರೆ ರೇಖಾಚಿತ್ರ ಓದುವುದರಿಂದ ಒಡಲು ಕಟ್ಟುವವರೆಗಿನ ಕೆಲಸ ಕೈಗೆ ಹತ್ತುತ್ತದೆ. ಊರಲ್ಲೇ ಇರುವವರಿಗೆ ಹತ್ತಿರದ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಮೋಟಾರು, ಸರ್ವೋ, ತ್ರಿ-ಡಿ ಪ್ರಿಂಟರುಗಳ ಪರಿಚಯ ಅಲ್ಲೇ ಆಗುತ್ತದೆ. ಒಡಲಿನ ಬಡಗಿ ಕೆಲಸಕ್ಕೆ ಊರಿನ ಬಡಗಿಯವರನ್ನು, ಮೋಟಾರಿನ ಕೆಲಸಕ್ಕೆ ಪಂಪ್‌ಸೆಟ್ ರಿಪೇರಿಯವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಒಬ್ಬರೇ ಶುರು ಮಾಡಬೇಡಿ. ಕಾಳಗಕ್ಕೆ ಎರಡು ಹಡಗಾದರೂ ಬೇಕು. ಇಬ್ಬರು ಸೇರಿ ಒಂದೇ ನಕ್ಷೆಯಿಂದ ಎರಡು ಒಡಲು ಕಟ್ಟಿದರೆ ಖರ್ಚೂ ಇಳಿಯುತ್ತದೆ, ಸೋಲುಗೆಲುವು ಹಡಗು ನಡೆಸುವವರ ಕೈಯಲ್ಲೇ ಉಳಿಯುತ್ತದೆ. ಮೊದಲ ಋತುವಿನಲ್ಲಿ ಓಡಿಸುವುದು, ತಿರುಗಿಸುವುದು, ಪಂಪಿನ ಪರೀಕ್ಷೆ ಇಷ್ಟೇ ಇರಲಿ. ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ: ಆರ್ಕಿಮಿಡೀಸ್ ತತ್ವದ ಪಾಠ ಬಂದಾಗ ಮಕ್ಕಳ ಕೈಗೆ ಒಂದು ಒಡಲು, ಒಂದು ತಕ್ಕಡಿ, ಒಂದು ಚೊಂಬು ನೀರು ಕೊಡಿ. ಹಡಗು ಎಷ್ಟು ನೀರು ಕುಡಿದು ಮುಳುಗುತ್ತದೆ ಎಂದು ಮೊದಲು ಲೆಕ್ಕ ಹಾಕಿಸಿ, ಆಮೇಲೆ ಸುರಿದು ನೋಡಲು ಹೇಳಿ.