ಗಿಟಾರಿನ ಕಿವಿ ಏನನ್ನು ಕೇಳುತ್ತದೆ?

ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ. ಎಲೆಕ್ಟ್ರಿಕ್ ಗಿಟಾರಿಗೆ ಅಂಥ ಹೊಟ್ಟೆ ಇಲ್ಲ. ರಾಕ್ ಸಂಗೀತಗಾರರು ಹೆಗಲಿಗೆ ನೇತುಹಾಕಿಕೊಂಡು ಕುಣಿಯುವ ಗಿಟಾರುಗಳಲ್ಲಿ ಬಹುಪಾಲು ಬರೀ ಗಟ್ಟಿ ಹಲಗೆಗಳು. ವೈರು ಕಿತ್ತು ನುಡಿಸಿದರೆ ಪಕ್ಕದ ಕೋಣೆಯಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದು. ಆದರೂ ಅದೇ ಹಲಗೆ ಮೈದಾನ ತುಂಬಿದ ಸಾವಿರಾರು ಜನರ ಎದೆ ನಡುಗಿಸಬಲ್ಲದು. ಅಷ್ಟೇ ಅಲ್ಲ, ನಾಲ್ಕು ಸ್ವರ ಕಿವಿಗೆ ಬೀಳುತ್ತಲೇ ನುಡಿಸುತ್ತಿರುವವರು ಇಂಥವರೇ ಎಂದು ಅಭಿಮಾನಿಗಳು ಹೆಸರು ಹೇಳಿಬಿಡುತ್ತಾರೆ. ಹೊಟ್ಟೆಯೇ ಇಲ್ಲದ ವಾದ್ಯಕ್ಕೆ ಇಂಥ ಗುರುತಿನ ದನಿ ಬಂದದ್ದೆಲ್ಲಿಂದ?

ಉತ್ತರದ ದೊಡ್ಡ ಪಾಲು ತಂತಿಗಳ ಕೆಳಗೆ ಕೂತಿರುವ, ಬೆರಳುದ್ದದ ಒಂದು ಪಟ್ಟಿಯಲ್ಲಿದೆ. ಅದರ ಹೆಸರು ಪಿಕಪ್. ಅದೊಂದು ಪುಟ್ಟ ಮೈಕ್ ಎಂದೇ ಅನೇಕರ ಭಾವನೆ. ಆದರೆ ಮೈಕ್ ಗಾಳಿಯ ಅಲೆಗಳನ್ನು ಕೇಳಿಸಿಕೊಂಡರೆ, ಪಿಕಪ್ ಗಮನಿಸುವುದು ಮುಖ್ಯವಾಗಿ ಉಕ್ಕಿನ ತಂತಿಯ ಅಲುಗಾಟವನ್ನು. ಅದರೊಳಗೆ ಅಯಸ್ಕಾಂತವಿರುತ್ತದೆ. ಸುತ್ತಲೂ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಅಯಸ್ಕಾಂತದ ಸಾಮೀಪ್ಯದಿಂದ ಉಕ್ಕಿನ ತಂತಿಯೂ ತುಸು ಅಯಸ್ಕಾಂತವಾಗುತ್ತದೆ; ಮೀಟಿದಾಗ ಅದು ಅತ್ತಿತ್ತ ಅಲುಗಿ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಹಿಂದೆ ನಮ್ಮ ಸೈಕಲ್ಲುಗಳಿಗೆ ಕಟ್ಟುತ್ತಿದ್ದ ಡೈನಮೊ ದೀಪ ಹೊತ್ತಿಸುತ್ತಿದ್ದುದೂ ಇದರಿಂದಲೇ. ಗಿಟಾರಿಗೆ ನೈಲಾನ್ ತಂತಿ ಕಟ್ಟಿ ನೋಡಿ, ಪಿಕಪ್ ಕಿವುಡಾಗಿಬಿಡುತ್ತದೆ.

ಈ ಕಿವಿಗೆ ಒಂದು ದೋಷವಿದೆ. ತಾಮ್ರದ ಸುರುಳಿ ತಂತಿಯ ಮಾತನ್ನು ಕೇಳುವಷ್ಟೇ ನಿಷ್ಠೆಯಿಂದ ಮನೆಯ ಕರೆಂಟಿನ ಮಾತನ್ನೂ ಕೇಳುತ್ತದೆ. ನಮ್ಮಲ್ಲಿ ವಿದ್ಯುತ್ತು ಸೆಕೆಂಡಿಗೆ 100 ಸಲ, ಅಮೆರಿಕದಲ್ಲಿ 120 ಸಲ ದಿಕ್ಕು ಬದಲಿಸುತ್ತದೆ. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್, ವೇದಿಕೆಯ ದೀಪಗಳ ಡಿಮ್ಮರ್, ಎಲ್ಲವೂ ಸೇರಿ ಗಿಟಾರಿನ ಹಿಂದೆ ಎಡೆಬಿಡದ ‘ಗುಂಯ್’ ಸದ್ದನ್ನು ತುಂಬುತ್ತವೆ. ಹಾಗೆಂದು ಕಿವಿಯನ್ನು ಬೇರೆ ರೀತಿ ಕಟ್ಟಲು ಹೋದರೆ ದನಿಯ ಹೊಳಪಿಗೇ ಪೆಟ್ಟು. ಸುರುಳಿಯ ಸುತ್ತು ಹೆಚ್ಚಿಸಿದರೂ ಅಷ್ಟೇ: ದನಿಗೆ ಬಲ ಬರುತ್ತದೆ, ಜೊತೆಗೆ ಮೇಲಿನ ಸ್ಥಾಯಿಯ ಮಿನುಗು ಮಂಕಾಗುತ್ತದೆ. ವೃತ್ತಿಪರ ವಾದಕರು ಪಿಕಪ್ ಆರಿಸುವಾಗ ಏನು ಬೇಕು ಎಂಬುದಕ್ಕಿಂತ ಏನನ್ನು ಬಿಟ್ಟುಕೊಡಬಹುದು ಎಂದೇ ಹೆಚ್ಚು ಲೆಕ್ಕ ಹಾಕುತ್ತಾರೆ.

ಪಿಕಪ್ ಹುಟ್ಟಿದ್ದು ದನಿಯ ಸೊಗಸಿಗಾಗಿ ಅಲ್ಲ, ಬರೀ ಜೋರಿಗಾಗಿ. ತುತ್ತೂರಿ, ಡ್ರಮ್ಮುಗಳ ಅಬ್ಬರದ ನಡುವೆ ಗಿಟಾರು ನುಡಿಸುವವರ ದನಿ ಅಡಗಿಹೋಗುತ್ತಿತ್ತು. ಲಾಸ್ ಏಂಜಲೀಸ್‌ನಲ್ಲಿದ್ದ ಹವಾಯಿಯನ್ ಶೈಲಿಯ ಗಿಟಾರ್ ವಾದಕ ಜಾರ್ಜ್ ಬೋಶಂ ಕುದುರೆಲಾಳದಂಥ ಅಯಸ್ಕಾಂತಗಳನ್ನು ಬಳಸಿ ಪಿಕಪ್ ಮಾಡಿದರು. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ 1932ರಲ್ಲಿ ಮಾರುಕಟ್ಟೆಗೆ ತಂದ ಆ ಅಲ್ಯೂಮಿನಿಯಂ ಗಿಟಾರಿಗೆ ಜನ ಇಟ್ಟ ಅಡ್ಡಹೆಸರು ‘ಫ್ರೈಯಿಂಗ್ ಪ್ಯಾನ್’. ನೋಡಲು ಉದ್ದ ಹಿಡಿಯ ಬಾಣಲೆಯಂತೆಯೇ ಇತ್ತು. ನಾಲ್ಕೇ ವರ್ಷದಲ್ಲಿ ಗಿಬ್ಸನ್ ಕಂಪನಿ ಇಎಸ್-150 ಎಂಬ ಗಿಟಾರು ಹೊರತಂದಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ಕರಿಯ ಯುವಕ 1939ರಲ್ಲಿ ಬೆನ್ನಿ ಗುಡ್‌ಮನ್‌ರ ಜಾಝ್ ತಂಡಕ್ಕೆ ಸೇರಿ ಅದನ್ನು ನುಡಿಸಿದಾಗ, ಅಲ್ಲಿಯವರೆಗೆ ತಾಳಕ್ಕೆ ಜೊತೆಗೂಡುವ ವಾದ್ಯವಾಗಿದ್ದ ಗಿಟಾರು ಸ್ಯಾಕ್ಸೋಫೋನಿನ ಸಮಕ್ಕೆ ನಿಂತು ಮನೋಧರ್ಮ ಮೆರೆಯಿತು. ಆತ 25ನೇ ವಯಸ್ಸಿಗೆ, 1942ರಲ್ಲಿ ತೀರಿಕೊಂಡ.

ಗುಂಯ್ ಸದ್ದು ಮಾತ್ರ ಹಾಗೇ ಉಳಿದಿತ್ತು. ಅದನ್ನು ಅಡಗಿಸಿದ್ದು ಮಿಶಿಗನ್ ರಾಜ್ಯದ ಕಲಮಝೂನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಎಂಜಿನಿಯರ್ ಸೆತ್ ಲವರ್. ಅವರ ಉಪಾಯ ಸರಳವಾದದ್ದು, ಆದರೆ ಬಲು ಜಾಣತನದ್ದು. ಒಂದು ಸುರುಳಿಯ ಬದಲು ಎರಡನ್ನು ಅಕ್ಕಪಕ್ಕ ಇಟ್ಟರು. ಎರಡನೆಯದನ್ನು ತಿರುವುಮುರುವಾಗಿ ಜೋಡಿಸಿದರು. ಹೊರಗಿನ ಗುಂಯ್ ಸದ್ದು ಎರಡಕ್ಕೂ ಒಂದೇ ರೀತಿ ಬರುವುದರಿಂದ ಒಂದರಲ್ಲಿ ಮೇಲೇರಿದಾಗ ಇನ್ನೊಂದರಲ್ಲಿ ಕೆಳಗಿಳಿದು ಪರಸ್ಪರ ವಜಾ ಆಯಿತು. ಹಾಗಾದರೆ ತಂತಿಯ ದನಿಯೂ ವಜಾ ಆಗಬೇಕಲ್ಲವೇ? ಅದಕ್ಕಾಗಿ ಎರಡನೇ ಸುರುಳಿಯ ಅಯಸ್ಕಾಂತದ ಧ್ರುವವನ್ನೂ ತಿರುಗಿಸಿದರು. ಎರಡು ಸಲ ತಿರುಗಿದ ದನಿ ಮೊದಲಿನಂತೆಯೇ ಆಗಿ ಒಂದಕ್ಕೊಂದು ಕೂಡಿಕೊಂಡಿತು. ಗುಂಯ್ ಹೋಯಿತು, ದನಿ ಇಮ್ಮಡಿಸಿತು. ಇದಕ್ಕೆ ‘ಹಂಬಕರ್’ ಎಂಬ ಹೆಸರು ಬಂತು.

ಆದರೆ ಎರಡು ಸುರುಳಿಗಳು ತಂತಿಯ ಎರಡು ಬೇರೆ ಬೇರೆ ಜಾಗಗಳಲ್ಲಿ ಕಿವಿಗೊಟ್ಟಿರುತ್ತವೆ. ಅತಿ ಸೂಕ್ಷ್ಮವಾದ ಮೇಲಿನ ಸ್ವರಾಂಶಗಳು ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತಿರಬಹುದು. ಅವು ಗುಂಯ್ ಸದ್ದಿನ ಜೊತೆಗೇ ಕೊಚ್ಚಿಹೋಗುತ್ತವೆ. ಸುತ್ತುಗಳು ಹೆಚ್ಚಾದದ್ದರ ಮಂಕೂ ಸೇರಿಕೊಂಡಿತು. ಉಳಿದದ್ದು ದಪ್ಪನೆಯ, ಬೆಚ್ಚನೆಯ ದನಿ. ಲವರ್ ಹುಡುಕಿದ್ದು ಮೌನವನ್ನು; ಅವರಿಗೆ ಸಿಕ್ಕಿದ್ದು ಹೊಸ ನಾದ.

1955ರ ಜೂನ್‌ನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಕೆಯಾಯಿತು. ಅದು ಕೈಸೇರಿದ್ದು 1959ರಲ್ಲಿ. ಈ ನಡುವೆ 1957ರಿಂದ ಪಿಕಪ್‌ಗಳ ಬೆನ್ನಿಗೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಅಂಟಿಸಲಾಗುತ್ತಿತ್ತು. ಆ ಮೂರು ಪದಗಳ ಮೊದಲಕ್ಷರಗಳಿಂದ ‘ಪಿಎಎಫ್’ ಎಂದು ಕರೆಸಿಕೊಳ್ಳುವ ಈ ಹಳೆಯ ಪಿಕಪ್‌ಗಳಿಗೆ ಇಂದು ಸಂಗ್ರಾಹಕರು ಸಾವಿರಾರು ಡಾಲರ್ ಸುರಿಯುತ್ತಾರೆ. ಪೇಟೆಂಟ್ ಸಿಕ್ಕ ಮೇಲೆ ಅಂಟಿಸಿದ ಚೀಟಿಯಲ್ಲಿದ್ದ ನಂಬರ್ ಪಿಕಪ್ಪಿನದೇ ಅಲ್ಲ, ಗಿಟಾರಿನ ತಂತಿ ಕಟ್ಟುವ ಬೇರೊಂದು ಭಾಗದ್ದು! ಇನ್ನೂ ಮೋಜಿನ ಸಂಗತಿಯೆಂದರೆ, ಆಗ ಸುರುಳಿ ಸುತ್ತುತ್ತಿದ್ದ ಯಂತ್ರಗಳು ಲೆಕ್ಕಕ್ಕೆ ಸರಿಯಾಗಿ ತಾವಾಗಿ ನಿಲ್ಲುತ್ತಿರಲಿಲ್ಲ. ಸುರುಳಿ ತುಂಬಿತೆಂದು ಕಂಡಾಗ ಕೆಲಸಗಾರರೇ ನಿಲ್ಲಿಸುತ್ತಿದ್ದರು. ಹೀಗಾಗಿ ಒಂದರಂತೆ ಇನ್ನೊಂದಿಲ್ಲ, ಒಂದೇ ಪಿಕಪ್ಪಿನ ಎರಡು ಸುರುಳಿಗಳಲ್ಲೂ ಸುತ್ತುಗಳು ಸಮವಿಲ್ಲ. ಅಸಮವಾದಲ್ಲಿ ಗುಂಯ್ ಪೂರ್ತಿ ಸಾಯದು, ಹೊಳಪೂ ಪೂರ್ತಿ ಹೋಗದು. ಇಂದು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿರುವ ತಯಾರಕರು ಆ ಕೈತಪ್ಪನ್ನು ಬೇಕೆಂದೇ ನಕಲು ಮಾಡಿ ಹೆಚ್ಚಿನ ಬೆಲೆಗೆ ಮಾರುತ್ತಾರೆ.

ಇತ್ತ ಕ್ಯಾಲಿಫೋರ್ನಿಯಾದಲ್ಲಿ ಲಿಯೊ ಫೆಂಡರ್ ಎಂಬ ರೇಡಿಯೋ ರಿಪೇರಿಯವರು ಒಂಟಿ ಸುರುಳಿಯನ್ನೇ ನಂಬಿ ಕೂತಿದ್ದರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆದರೂ ಅವರು 1954ರಲ್ಲಿ ತಂದ ಸ್ಟ್ರಾಟೊಕಾಸ್ಟರ್ ಇಂದಿಗೂ ಲೋಕಪ್ರಿಯ. ಅದರಲ್ಲಿ ಮೂರು ಪಿಕಪ್. ಕುದುರೆಯ ಬಳಿ ತಂತಿ ಅಲುಗುವುದು ಕಡಿಮೆ, ದನಿ ಚುರುಕು. ಕತ್ತಿನ ಕಡೆಗೆ ಬಂದಂತೆ ಅದು ದುಂಡಗಾಗುತ್ತದೆ. ವೀಣೆ ಕಲಿತವರಿಗೆ ಇದು ಹೊಸದಲ್ಲ, ಮೀಟುವ ಜಾಗ ಬದಲಾದಂತೆ ನಾದ ಬದಲಾಗುವುದು ಅವರ ಬೆರಳಿಗೇ ಗೊತ್ತು. ಫೆಂಡರ್ ಇಟ್ಟದ್ದು ಮೂರು ನಿಲುಗಡೆಯ ಸ್ವಿಚ್ಚು. ವಾದಕರು ಅದನ್ನು ಎರಡು ನಿಲುಗಡೆಗಳ ನಡುವೆ ಸಿಕ್ಕಿಸಿ, ಎರಡು ಪಿಕಪ್ ಒಟ್ಟಿಗೆ ನುಡಿದಾಗ ಹೊರಡುವ ಗಾಜಿನಂಥ ದನಿಯನ್ನು ಕಂಡುಕೊಂಡರು. ಕಂಪನಿ ಐದು ನಿಲುಗಡೆಯ ಸ್ವಿಚ್ಚನ್ನು ಕೊಟ್ಟದ್ದು 1977ರಲ್ಲಿ, ಅಂದರೆ 23 ವರ್ಷ ತಡವಾಗಿ! ಮರುವರ್ಷವೇ ಬಂದ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಮಾರ್ಕ್ ನಾಪ್‌ಫ್ಲರ್ ಈ ನಡುವಿನ ದನಿಯನ್ನು, ಅದೂ ಬರಿಬೆರಳಿನಿಂದ ಮೀಟಿ, ಜಗತ್ತಿಗೆಲ್ಲ ಕೇಳಿಸಿದರು.

ಪಿಕಪ್ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಅದು ಹುಟ್ಟಿಸುವ ಸೊಲ್ಲು ವೈರು, ಗುಂಡಿಗಳು, ಆಂಪ್ಲಿಫೈಯರು, ಸ್ಪೀಕರು ಎಲ್ಲವನ್ನೂ ದಾಟಿ ಬರಬೇಕು. ವೈರು ಉದ್ದವಾದಷ್ಟೂ ಹೊಳಪು ಕಡಿಮೆ. ಹಳೆಯ ವಾಲ್ವ್ ಆಂಪ್ಲಿಫೈಯರಿಗೆ ಮಿತಿ ಮೀರಿ ಸದ್ದು ಉಣಿಸಿದರೆ ಅದು ಸ್ವರವನ್ನು ಒಡೆದು, ಹಿಗ್ಗಿಸಿ, ಎಳೆದು ನಿಲ್ಲಿಸುತ್ತದೆ. ಎಂಜಿನಿಯರುಗಳ ಕಣ್ಣಿಗೆ ಅದು ದೋಷ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಆ ದೋಷವನ್ನೇ ಬರಮಾಡಿಕೊಂಡರು. 1966ರಲ್ಲಿ ಎರಿಕ್ ಕ್ಲಾಪ್ಟನ್, ಜಾನ್ ಮೇಯಲ್ ತಂಡದ ಧ್ವನಿಮುದ್ರಣದಲ್ಲಿ ಹಂಬಕರ್ ಇರುವ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆಂದು ಹಟ ಹಿಡಿದರು. ಆ ಮಾದರಿಯ ಗಿಟಾರನ್ನು ಗಿರಾಕಿಗಳಿಲ್ಲವೆಂದು ಗಿಬ್ಸನ್ ಕೆಲವು ವರ್ಷಗಳ ಹಿಂದೆಯೇ ಕೈಬಿಟ್ಟಿತ್ತು. ಆ ಧ್ವನಿಮುದ್ರಿಕೆ ಕೇಳಿದವರೆಲ್ಲ ಅದನ್ನೇ ಹುಡುಕತೊಡಗಿದರು. 1968ರಲ್ಲಿ ಕಂಪನಿ ಲೆಸ್ ಪಾಲ್ ತಯಾರಿಕೆಯನ್ನು ಮತ್ತೆ ಆರಂಭಿಸಬೇಕಾಯಿತು.

ಈ ಎಲ್ಲ ಲೆಕ್ಕಾಚಾರ ಒಬ್ಬನೇ ಮನುಷ್ಯನಲ್ಲಿ ಕೂಡಿಬಂದದ್ದನ್ನು ನೋಡಬೇಕೆಂದರೆ ಬ್ರಯಾನ್ ಮೇ ಕಥೆಯನ್ನು ಕೇಳಬೇಕು. ಕ್ವೀನ್ ತಂಡದ ಈ ಗಿಟಾರ್ ವಾದಕನಿಗೆ 1963ರಲ್ಲಿ 16 ವರ್ಷ. ಸ್ಟ್ರಾಟೊಕಾಸ್ಟರ್ ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ತಂದೆ ಹೆರಾಲ್ಡ್ ಜೊತೆ ಕೂತು ಹುಡುಗ ಗಿಟಾರನ್ನೇ ಕಟ್ಟಲು ಹೊರಟ. ಕತ್ತಿನ ಭಾಗಕ್ಕೆ ಹಳೆಯ ಅಗ್ಗಿಷ್ಟಿಕೆಯ ಮರ. ಹುಳು ಕೊರೆದ ತೂತುಗಳನ್ನು ಬೆಂಕಿಕಡ್ಡಿಯಿಂದ ಮುಚ್ಚಿದರು. ಕಂಪನ ಕೊಡುವ ಸಾಧನಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು. ಸ್ವರಸ್ಥಾನಗಳ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಗುಂಡಿಗಳು.

ಪಿಕಪ್ಪನ್ನೂ ಆತ ಮನೆಯಲ್ಲೇ ಸುತ್ತಿದ. ದನಿ ಚೆನ್ನಾಗಿಯೇ ಇತ್ತು. ಆದರೆ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸುವಾಗ ಅಯಸ್ಕಾಂತಗಳ ಜೋಡಣೆಯಿಂದಾಗಿ ವಿಚಿತ್ರ ಸದ್ದು ಬರುತ್ತಿತ್ತು. ನಮ್ಮ ಗಮಕದಂತೆ, ಈ ಎಳೆತವೇ ರಾಕ್ ಗಿಟಾರಿನ ಪ್ರಾಣ. ಆದ್ದರಿಂದ ಆ ಪಿಕಪ್‌ಗಳನ್ನು ಕಳಚಿ, ಇಂಗ್ಲೆಂಡಿನ ಬರ್ನ್ಸ್ ಕಂಪನಿಯ ಮೂರು ಒಂಟಿ ಸುರುಳಿಯ ಪಿಕಪ್ ಕೊಂಡ. ಜೋರಾಗಿ ನುಡಿಸಿದರೆ ಸುರುಳಿಯ ಎಳೆಗಳೇ ಅಲುಗಿ ಕೀರಲು ಸದ್ದು ಬರದಿರಲೆಂದು ಅವುಗಳೊಳಗೆ ಅರಾಲ್ಡೈಟ್ ಅಂಟು ತುಂಬಿದ. ಒಂದೊಂದು ಪಿಕಪ್ಪಿಗೂ ಎರಡೆರಡು ಸ್ವಿಚ್ಚು: ಒಂದು ಅದನ್ನು ಹಚ್ಚಲು ಆರಿಸಲು, ಇನ್ನೊಂದು ತಿರುವುಮುರುವು ಮಾಡಲು. ಹಾಗೆ ತಿರುಗಿಸಿದಾಗ ದಪ್ಪ ದನಿ ವಜಾ ಆಗಿ ಮೂಗಿನಲ್ಲಿ ಹಾಡಿದಂಥ ಚೂಪು ದನಿ ಉಳಿಯುತ್ತದೆ. ಲವರ್ ಗುಂಯ್ ಸದ್ದನ್ನು ಅಡಗಿಸಲು ಬಳಸಿದ ಉಪಾಯವನ್ನು ಈ ಹುಡುಗ ಬಣ್ಣ ಬದಲಿಸಲು ಬಳಸಿದ! ಮುಂದೆ ಐರಿಶ್ ವಾದಕ ರೋರಿ ಗ್ಯಾಲಘರ್ ಅವರನ್ನೇ ಕೇಳಿ ತಿಳಿದುಕೊಂಡು, ವಾಕ್ಸ್ ಎಸಿ30 ಆಂಪ್ಲಿಫೈಯರಿಗೆ ಮೇಲಿನ ಸ್ಥಾಯಿಯನ್ನು ಏರಿಸುವ ಪುಟ್ಟ ಪೆಟ್ಟಿಗೆ ಜೋಡಿಸಿದ. ಮೀಟಲು ಪ್ಲಾಸ್ಟಿಕ್ ಬಿಟ್ಟು ಆರು ಪೆನ್ಸ್ ನಾಣ್ಯ. ಆ ನಾಣ್ಯ 1980ರಲ್ಲಿ ಚಲಾವಣೆಯಿಂದ ಹೋಯಿತು, ಅವರ ಕೈಯಿಂದ ಹೋಗಲಿಲ್ಲ. 2007ರಲ್ಲಿ ಖಗೋಳ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಈ ವಿಜ್ಞಾನಿ, ಅಗ್ಗಿಷ್ಟಿಕೆಯ ಮರದ ಅದೇ ಗಿಟಾರನ್ನು ಬಿಟ್ಟುಕೊಡಲಿಲ್ಲ.

ಅಮೆರಿಕದ ಎಡ್ಡಿ ವ್ಯಾನ್ ಹೇಲನ್ ಅವರದು ಇದೇ ಜಾತಿಯ ಇನ್ನೊಂದು ಹಟ. ಅವರಿಗೆ ಗಿಬ್ಸನ್‌ನ ದಪ್ಪ ದನಿಯೂ ಬೇಕು, ಫೆಂಡರ್‌ನ ಹಗುರ ಮೈಯೂ ಬೇಕು. 50 ಡಾಲರಿನ ಮರದ ಮೈ, 80 ಡಾಲರಿನ ಕತ್ತು ಕೊಂಡು, ತಮ್ಮದೇ ಗಿಬ್ಸನ್ ಗಿಟಾರಿನ ಹಂಬಕರನ್ನು ಕಿತ್ತು ಅದರಲ್ಲಿ ಕೂರಿಸಿದರು. ಕೀರಲು ನಿಲ್ಲಿಸಲು ಪಿಕಪ್ಪನ್ನು ಕಾಯಿಸಿದ ಮೇಣದಲ್ಲಿ ಅದ್ದಿದರು. 1978ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿ ಗಿಟಾರು ತಯಾರಕರೆಲ್ಲ ಆ ಮಾದರಿಗೆ ತಿರುಗಿದರು.

ಗುಂಯ್ ಸದ್ದನ್ನು ಪೂರ್ತಿ ಅಳಿಸಬೇಕೆಂದವರಿಗೆ ಬ್ಯಾಟರಿ ಹಾಕುವ ಪಿಕಪ್ ಇದೆ. ಸುತ್ತು ಕಡಿಮೆ ಮಾಡಿ, ಕುಗ್ಗಿದ ದನಿಯನ್ನು ಒಳಗೇ ಇರುವ ಪುಟ್ಟ ಸರ್ಕೀಟಿನಿಂದ ಹಿಗ್ಗಿಸುವುದು ಅದರ ಕ್ರಮ. ವೈರು ಎಷ್ಟೇ ಉದ್ದವಿದ್ದರೂ ಹೊಳಪು ಕುಂದುವುದಿಲ್ಲ. ಇದರಲ್ಲಿ ಇಎಂಜಿ ಕಂಪನಿಯದು ದೊಡ್ಡ ಹೆಸರು. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡದ ಇಬ್ಬರು ಗಿಟಾರ್ ವಾದಕರೂ ಇವುಗಳಿಗೆ ಹೆಸರಾದವರು. ವೇಗವಾಗಿ ನುಡಿಸಿ ತಟ್ಟನೆ ನಿಲ್ಲಿಸುವ ಅವರ ಸಂಗೀತದಲ್ಲಿ ನಿಂತಾಗಿನ ಮೌನಕ್ಕೂ ಬೆಲೆಯಿದೆ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್ ಕೂಡ ದೀಪಗಳ ಜಾತ್ರೆಯೇ ಇರುತ್ತಿದ್ದ ದೊಡ್ಡ ಪ್ರವಾಸಗಳಲ್ಲಿ ಇಎಂಜಿ ಇರುವ ಕೆಂಪು ಸ್ಟ್ರಾಟೊಕಾಸ್ಟರನ್ನು ನೆಚ್ಚಿಕೊಂಡಿದ್ದರು. ಆದರೆ 2005ರಲ್ಲಿ ಹಳೆಯ ಗೆಳೆಯರು ಲಂಡನ್ನಿನ ಲೈವ್ 8 ವೇದಿಕೆಯಲ್ಲಿ ಒಂದಾದಾಗ ಅವರ ಕೈಯಲ್ಲಿದ್ದುದು ಬ್ಯಾಟರಿಯಿಲ್ಲದ ಹಳೆಯ ಕಪ್ಪು ಗಿಟಾರು. 2019ರ ಹರಾಜಿನಲ್ಲಿ ಅದು 39.75 ಲಕ್ಷ ಡಾಲರಿಗೆ ಹೋಯಿತು.

ನಮ್ಮ ಶಾಸ್ತ್ರೀಯ ಸಂಗೀತಕ್ಕೂ ಪಿಕಪ್ಪಿನ ಉಪಕಾರ ಸಂದಿದೆ. ಮ್ಯಾಂಡೊಲಿನ್ ತಂತಿಯ ದನಿ ಮೀಟಿದೊಡನೆ ಆರಿಹೋಗುವಂಥದ್ದು, ಗಮಕಕ್ಕೆ ಒದಗುವಂಥದ್ದಲ್ಲ. ಯು. ಶ್ರೀನಿವಾಸ್ ಜೋಡಿ ತಂತಿಗಳನ್ನು ಬಿಟ್ಟು, ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು. ದನಿ ನಿಂತಿತು, ನಿಂತ ದನಿಯನ್ನು ಜಾರಿಸಿ, ತೂಗಿಸಿ ರಾಗ ಬಿಡಿಸಲು ಸಾಧ್ಯವಾಯಿತು. 2014ರಲ್ಲಿ 45ರ ವಯಸ್ಸಿಗೇ ಅವರು ಅಗಲಿದರು.

ಬೆಂಗಳೂರಿನಲ್ಲೂ ಗಿಟಾರು ಕಲಿಯುವ ಹುಡುಗ ಹುಡುಗಿಯರು ತಮ್ಮ ನೆಚ್ಚಿನ ವಾದಕರ ಹೆಸರು ಹೊತ್ತ ಪಿಕಪ್‌ಗಳಿಗೆ ಸಾವಿರಾರು ರೂಪಾಯಿ ಸುರಿಯುವುದುಂಟು. ಕೊಳ್ಳುವ ಮುನ್ನ ಕಾಸಿಲ್ಲದ ಒಂದು ಪ್ರಯೋಗ ಮಾಡಿ ನೋಡಬಹುದು. ಪಿಕಪ್ಪಿನ ಎರಡೂ ತುದಿಗಳಲ್ಲಿ ಸಾಮಾನ್ಯವಾಗಿ ಒಂದೊಂದು ಸ್ಕ್ರೂ ಇರುತ್ತದೆ. ಸ್ಕ್ರೂಡ್ರೈವರಿನಿಂದ ಅದನ್ನು ತಿರುಗಿಸಿ ಪಿಕಪ್ಪನ್ನು ತಂತಿಗೆ ಹತ್ತಿರ ತಂದರೆ ದನಿ ಜೋರಾಗಿ ಮೊನಚಾಗುತ್ತದೆ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಸೆಳೆದು ಶ್ರುತಿ ಕೆಡಿಸುತ್ತದೆ. ತುಸು ಕೆಳಗಿಳಿಸಿದರೆ ದನಿ ಬಿಡಿಸಿಕೊಂಡು ತಿಳಿಯಾಗುತ್ತದೆ. ಒಂದು ಸಲಕ್ಕೆ ಅರ್ಧ ಸುತ್ತು ಸಾಕು, ಆಮೇಲೆ ನುಡಿಸಿ ಕೇಳಬೇಕು.