ಟಿ.ವಿ. ಕಂಬದಿಂದ ಡಿಶ್ಶಿಗೆ: ಗೋಳಗುಮ್ಮಟದ ನಾಡು ಕಂಡ ಬದಲಾವಣೆ

ಹಳೆಯ ತೋಟದ ಮನೆಗಳ ಮಾಡಿನ ಮೇಲೆ ಮೀನಿನ ಮುಳ್ಳಿನಂತಹ ಆಂಟೆನಾಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಅವುಗಳಿಗೆ ಈಗ ಕೆಲಸವಿಲ್ಲ. ದೂರದರ್ಶನದ ನೆಲಗೋಪುರಗಳಿಂದ ಬರುತ್ತಿದ್ದ ಅನಲಾಗ್ ಪ್ರಸಾರವನ್ನು, ಆಯಕಟ್ಟಿನ ಸ್ಥಳಗಳ ಸುಮಾರು 50 ಪ್ರಸಾರ ಯಂತ್ರಗಳನ್ನು ಬಿಟ್ಟು ಉಳಿದೆಡೆಯಲ್ಲೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದೆಂದು ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ಅನಲಾಗ್ ಎಂದರೇನು, ಡಿಜಿಟಲ್ ಎಂದರೇನು, ಈ ಬದಲಾವಣೆಯಲ್ಲಿ ಹಳ್ಳಿಯ ಮನೆಗೆ ಬಂದದ್ದೇನು, ಹೋದದ್ದೇನು ಎಂಬುದನ್ನು ಸದಸ್ಯ ಬಂಧುಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಇದಕ್ಕಾಗಿ ನಾವು ಮಲೆನಾಡನ್ನು ಸ್ವಲ್ಪ ಹೊತ್ತು ಬಿಟ್ಟು ವಿಜಯಪುರದ ಬಯಲಿಗೆ ಹೋಗಬೇಕಾಗಿದೆ. ಜೋಳ, ದ್ರಾಕ್ಷಿಯ ಆ ಸೀಮೆಗೂ ನಮ್ಮ ಅಡಿಕೆ, ಕಾಫಿಗೂ ಏನು ಸಂಬಂಧವೆಂದು ಕೇಳಬಹುದು. ಬೆಳೆಯಲ್ಲಿ ಸಂಬಂಧವಿಲ್ಲ, ನಿಜ. ಆದರೆ ನಮ್ಮ ರಾಜ್ಯದಲ್ಲಿ ಸರಕಾರವೇ ಹಳ್ಳಿಗೆ ಟಿ.ವಿ. ತಂದುಕೊಟ್ಟದ್ದು ಮೊದಲು ಆ ಕಡೆಗೆ. ಅದೂ ಬೆಂಗಳೂರು ಟಿ.ವಿ. ಕಾಣುವುದಕ್ಕಿಂತ ಆರು ವರ್ಷ ಮೊದಲು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಿಂದ ಆಯ್ಕೆಯಾದವು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಆಗಿನ ವಿಜಾಪುರ ಜಿಲ್ಲೆಯೆಂದರೆ ಇಂದಿನ ಬಾಗಲಕೋಟೆಯೂ ಸೇರಿದ ದೊಡ್ಡ ಜಿಲ್ಲೆ. ಅಮೆರಿಕೆಯ ‘ಎ.ಟಿ.ಎಸ್.-6’ ಉಪಗ್ರಹವನ್ನು ಭಾರತಕ್ಕೆ ಕಾಣುವಂತೆ ಪೂರ್ವ ಆಫ್ರಿಕದ ಮೇಲಕ್ಕೆ ಸರಿಸಿ ನಿಲ್ಲಿಸಿದ್ದರು. ಹಳ್ಳಿಯಲ್ಲಿ ಹತ್ತು ಅಡಿ ಅಗಲದ ಡಿಶ್ಶು. ಅದು ತಗಡಿನದಲ್ಲ, ಕೋಳಿಗೂಡಿಗೆ ಹಾಕುವಂತಹ ತಂತಿ ಬಲೆಯದು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣದ ಕಾರ್ಯಕ್ರಮ. ಸೆಟ್ಟು ಒಬ್ಬರ ಮನೆಯದಲ್ಲ, ಊರಿಗೆಲ್ಲ ಒಂದು.

ವರ್ಷ ಮುಗಿದ ಮೇಲೆ ಉಪಗ್ರಹ ಅಮೆರಿಕೆಯವರಿಗೆ ವಾಪಸಾಯಿತು. ಪ್ರಯೋಗ ಮುಂದುವರಿಯಲೆಂದು 1977ರಲ್ಲಿ ಗುಲ್ಬರ್ಗಾದಲ್ಲಿ ನೆಲಗೋಪುರ ಎದ್ದಿತು. ಆದರೆ ಅಲ್ಲಿಂದ ವಿಜಾಪುರ ನಗರ ನೆಟ್ಟಗೆ ಅಳೆದರೂ 130 ಕಿಲೋಮೀಟರಿನಷ್ಟು ದೂರ. ಗೋಪುರದ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುವಂಥವು. ಭೂಮಿಯ ಬಾಗಿಗೆ ಸಿಕ್ಕಿ ಕೆಲವು ಹತ್ತು ಕಿಲೋಮೀಟರಿಗೆ ಸೋಲುತ್ತವೆ. ಬಯಲು ನಾಡಿನಲ್ಲೇ ಹೀಗಾದರೆ ಗುಡ್ಡದ ಮರೆಯ ನಮ್ಮ ಕಣಿವೆಗಳ ಪಾಡು ಹೇಳುವುದೇ ಬೇಡ. ಬೆಂಗಳೂರು ಕೇಂದ್ರ 1981ರ ನವೆಂಬರಿನಲ್ಲಿ ಆರಂಭವಾಯಿತು. 1984ರ ಸುಮಾರಿಗೆ ದೇಶದ ತುಂಬ ಸಣ್ಣ ಗೋಪುರಗಳು ಎದ್ದವು. ಆಮೇಲಿನದು ಸದಸ್ಯರಿಗೆ ಗೊತ್ತಿರುವ ಕಥೆ: ಒಬ್ಬರು ಮಾಡು ಹತ್ತಿ ಆಂಟೆನಾ ತಿರುಗಿಸುವುದು, ಒಳಗಿನಿಂದ ಇನ್ನೊಬ್ಬರು ‘ಬಂತು, ಬಂತು, ಹೋಯಿತು’ ಎಂದು ಕೂಗುವುದು.

ಚಿತ್ರ ಹಾಗೆ ಕೆಡುತ್ತಿದ್ದುದೇಕೆ? ಅನಲಾಗ್ ಪ್ರಸಾರದಲ್ಲಿ ಚಿತ್ರದ ಬೆಳಕು-ಕತ್ತಲೆಯ ಏರಿಳಿತವೇ ಅಲೆಯ ಬಲದ ಏರಿಳಿತವಾಗಿ ಬರುತ್ತದೆ. ದಾರಿಯಲ್ಲಿ ಮೋಟಾರು ಪಂಪಿನ ಕಿಡಿ ಸೇರಿದರೆ ಅದೂ ಚಿತ್ರವೇ ಆಗಿ ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಯಾವುದು ಚಿತ್ರ, ಯಾವುದು ಕಸ ಎಂದು ಬೇರ್ಪಡಿಸುವ ಉಪಾಯ ಸೆಟ್ಟಿಗೆ ತಿಳಿಯದು. ಇನ್ನು ಒಬ್ಬ ಮನುಷ್ಯನ ಪಕ್ಕದಲ್ಲಿ ಅವನದೇ ನೆರಳು ಚಿತ್ರ ನಿಲ್ಲುತ್ತಿತ್ತಲ್ಲ, ಅದಕ್ಕೆ ಗೋಳಗುಮ್ಮಟವೇ ಒಳ್ಳೆಯ ಉದಾಹರಣೆ. ಗುಮ್ಮಟದ ಒಳಸುತ್ತಿನಲ್ಲಿ ನಿಂತು ಒಮ್ಮೆ ಕೂಗಿದರೆ ದನಿ ಗೋಡೆಗೆ ಬಡಿದು ಹಲವು ಬಾರಿ ಮರಳುತ್ತದೆ. ಸಾಲುಮಾತು ಆಡಿದರೆ ಮರುದನಿಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯದು. ಟಿ.ವಿ. ಅಲೆಯೂ ಗುಡ್ಡಕ್ಕೆ ಬಡಿದು ಒಂದಿಷ್ಟು ತಡವಾಗಿ ಎರಡನೆಯ ಸಲ ಆಂಟೆನಾಕ್ಕೆ ಬರುತ್ತದೆ. ತಡವಾಗಿ ಬಂದದ್ದೇ ಪಕ್ಕದ ನೆರಳು.

ಡಿಜಿಟಲ್‌ನಲ್ಲಿ ಚಿತ್ರವನ್ನು ಮೊದಲೇ ಅಂಕಿಗಳಾಗಿ ಬರೆದು ಅಂಕಿಗಳನ್ನು ಕಳಿಸುತ್ತಾರೆ. ನಮ್ಮ ಸಂಘದ ತೂಕದ ಚೀಟಿಯನ್ನು ನೆನೆಸಿಕೊಳ್ಳಿ. ಹತ್ತು ಚೀಲದ ತೂಕ ಸಾಲಾಗಿ ಬರೆದು ಕೆಳಗೆ ಮೊತ್ತ ಹಾಕಿರುತ್ತದೆ. ಮಳೆಹನಿ ಬಿದ್ದು ಒಂದು ಚೀಲದ ಅಂಕಿ ಅಳಿಸಿದರೂ, ಮೊತ್ತದಿಂದ ಉಳಿದ ಒಂಬತ್ತನ್ನು ಕಳೆದರೆ ಹೋದ ಅಂಕಿ ಸಿಕ್ಕಿಬಿಡುತ್ತದೆ. ಡಿಜಿಟಲ್ ಪ್ರಸಾರದಲ್ಲೂ ಇಂತಹ ತಾಳೆಯ ಅಂಕಿಗಳನ್ನು ಜೊತೆಗೇ ಕಳಿಸುತ್ತಾರೆ. ಸ್ವಲ್ಪ ಕೆಟ್ಟರೆ ಪೆಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಚೀಟಿಯಲ್ಲಿ ಎರಡು ಮೂರು ಅಂಕಿ ಅಳಿಸಿದರೆ ಮೊತ್ತದಿಂದ ಉಪಯೋಗವಿಲ್ಲ. ಹಾಗೆಯೇ ಡಿಜಿಟಲ್ ಚಿತ್ರ ಒಂದು ಮಿತಿಯವರೆಗೆ ಚೊಕ್ಕವಾಗಿರುತ್ತದೆ, ಮಿತಿ ಮೀರಿದರೆ ಚೌಕಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಹಳೆಯದರಂತೆ ಚುಕ್ಕಿಯ ನಡುವೆ ಕಣ್ಣು ಕಿರಿದು ಮಾಡಿ ನೋಡುವ ಅನುಕೂಲ ಇದರಲ್ಲಿಲ್ಲ.

ಅಂಕಿಗಳನ್ನು ಒತ್ತಿ ಕಿರಿದು ಮಾಡಬಹುದಾದ್ದರಿಂದ, ಒಂದು ಅನಲಾಗ್ ವಾಹಿನಿ ಹಿಡಿಯುತ್ತಿದ್ದ ಜಾಗದಲ್ಲಿ ಹಲವು ಡಿಜಿಟಲ್ ವಾಹಿನಿಗಳು ಹಿಡಿಸುತ್ತವೆ. ಸರಕಾರಗಳು ಇದಕ್ಕೆ ಅವಸರಪಟ್ಟದ್ದು ಮುಖ್ಯವಾಗಿ ಈ ಕಾರಣಕ್ಕೆ. ಉಳಿದ ಜಾಗ ಮೊಬೈಲ್ ಫೋನಿನಂತಹ ಬಳಕೆಗೆ ಸಿಗುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕೆಯಲ್ಲಿ ದೊಡ್ಡ ಗೋಪುರಗಳ ಅನಲಾಗ್ ಪ್ರಸಾರ 2009ರ ಜೂನ್ 12ರಂದು ನಿಂತಿತು. ಆದರೆ ಗೋಪುರಗಳು ನಿಲ್ಲಲಿಲ್ಲ, ಅವೇ ಡಿಜಿಟಲ್ ಅಲೆ ಕಳಿಸತೊಡಗಿದವು. ಹಳೆಯ ಆಂಟೆನಾಕ್ಕೆ ಒಂದು ಪೆಟ್ಟಿಗೆ ಜೋಡಿಸಿದರೆ ಸಾಕಾಗಿತ್ತು. ಅದನ್ನು ಕೊಳ್ಳಲು ಸರಕಾರವೇ ಮನೆಗೆ 40 ಡಾಲರಿನ ಎರಡು ಕೂಪನ್ ಕೊಟ್ಟಿತು. ನಮ್ಮಲ್ಲಿ 2016ರಲ್ಲಿ ಡಿಜಿಟಲ್ ನೆಲಪ್ರಸಾರ ಆರಂಭವಾದದ್ದು 16 ನಗರಗಳಲ್ಲಿ, ಕರ್ನಾಟಕದಿಂದ ಬೆಂಗಳೂರೊಂದೇ. ವಿಜಯಪುರ ಆ ಪಟ್ಟಿಯಲ್ಲಿಲ್ಲ, ಮಲೆನಾಡಿನ ಯಾವ ಊರೂ ಇಲ್ಲ. ಹೀಗಾಗಿ ಜಿಲ್ಲೆಗಳಲ್ಲಿ ಅನಲಾಗ್ ಹೋದ ಜಾಗಕ್ಕೆ ಡಿಜಿಟಲ್ ಗೋಪುರ ಬರಲಿಲ್ಲ.

ಪಟ್ಟಣದವರಿಗೆ ಬದಲಾವಣೆ ಕೇಬಲ್ ಮೂಲಕ ಬಂದಿತು. 2011ರ ಕಾಯ್ದೆ ತಿದ್ದುಪಡಿಯಂತೆ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31, ವಿಜಯಪುರದಂತಹ ಉಳಿದ ನಗರಗಳಿಗೆ 2015ರ ಡಿಸೆಂಬರ್ 31, ತಿಕೋಟಾ, ಬಬಲೇಶ್ವರದಂತಹ ಗ್ರಾಮಭಾಗಕ್ಕೆ ಹಲವು ಬಾರಿ ಮುಂದೂಡಿ 2017ರ ಮಾರ್ಚ್ 31 ಗಡುವಾಯಿತು. ಅಂದಿನಿಂದ ಕೇಬಲ್ ಇದ್ದ ಮನೆಗೂ ಸೆಟ್ ಟಾಪ್ ಬಾಕ್ಸ್ ಬೇಕೇ ಬೇಕಾಯಿತು.

ಕೇಬಲ್ ಎಳೆಯದ ಒಂಟಿ ಮನೆಗಳಿಗೆ ಉಳಿದದ್ದು ಡಿಶ್ಶು. ತಿಂಗಳ ಬಾಡಿಗೆ ಇಲ್ಲದ್ದು ದೂರದರ್ಶನದ ‘ಫ್ರೀ ಡಿಶ್’. 2004ರ ಡಿಸೆಂಬರಿನಲ್ಲಿ ‘ಡಿ.ಡಿ. ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಆರಂಭವಾದದ್ದು ಇದೇ. ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಮುಗಿಯಿತು. ಸುಮಾರು 1975ರಲ್ಲಿ ಡಿಶ್ಶಿನಿಂದ ಹೊರಟ ವಿಜಯಪುರದ ಹಳ್ಳಿ ಮತ್ತೆ ಡಿಶ್ಶಿಗೇ ಬಂದಂತಾಯಿತು. ಈ ಸಲ ಊರಿಗೊಂದಲ್ಲ, ಮನೆಗೊಂದು, ಖರ್ಚೂ ಮನೆಯವರದೇ. 2023ರಲ್ಲಿ ಕೇಂದ್ರ ಸರಕಾರ ಒಪ್ಪಿದ ಯೋಜನೆಯೊಂದರಲ್ಲಿ 8 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಉಚಿತವಾಗಿ ಹಂಚುವ ಮಾತಿದೆ, ಆದರೆ ಅದು ಗಡಿನಾಡು, ಬುಡಕಟ್ಟು ಪ್ರದೇಶ, ನಕ್ಸಲ್ ಪೀಡಿತ ಹಾಗೂ ತೀರ ದೂರದ ಪ್ರದೇಶಗಳಿಗೆ.

ಬದಲಾವಣೆ ತಪ್ಪೆಂದು ನಾವು ಹೇಳುವುದಿಲ್ಲ. ನೋಡುವವರಿಲ್ಲದ ಗೋಪುರಕ್ಕೆ ವರ್ಷವರ್ಷ ವಿದ್ಯುತ್ತು ಸುಡುವುದರಲ್ಲಿ ಅರ್ಥವಿರಲಿಲ್ಲ. ಆದರೆ ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಸ್ಥಾನ ಸಿಗುವುದು ಹರಾಜಿನಿಂದ, ಅದರಲ್ಲಿ ಹಿಂದಿಯವುಗಳದೇ ದೊಡ್ಡ ಪಾಲು. ಚಂದನ ಬರುತ್ತದೆ. ಅದಕ್ಕಿಂತ ಹೆಚ್ಚು ಕನ್ನಡ ಬೇಕೆಂದ ಮನೆ ತಿಂಗಳ ಬಾಡಿಗೆಯ ಡಿಶ್ಶಿಗೋ ಕೇಬಲ್ಲಿಗೋ ಹೋಗಬೇಕಾಗುತ್ತದೆ. ಕನ್ನಡದ ರೈತನಿಗೆ ‘ಉಚಿತ’ ಎಂಬ ಮಾತು ಅರ್ಧ ಮಾತ್ರ ನಿಜ.

ಇನ್ನು ನಮ್ಮ ತೋಟಗಳ ಮಾತು. ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 ನಮಗೆ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ 60 ಡಿಗ್ರಿಗೂ ಮೇಲೆ, ನೆತ್ತಿಯ ಕಡೆಗೆ ಇದೆ. ಆದ್ದರಿಂದ ಹಿಂದೆ ಗೋಪುರಕ್ಕೆ ಅಡ್ಡ ಬಂದ ಗುಡ್ಡ ಇದಕ್ಕೆ ಅಡ್ಡ ಬರುವುದು ಅಪರೂಪ. ಅಡ್ಡ ಬರುವುದು ಮರ. ಬೇಸಿಗೆಯಲ್ಲಿ ಸಂದಿಯಿಂದ ಸಿಕ್ಕಿದ ಚಿತ್ರ, ಸಿಲ್ವರ್ ಓಕ್ ಒಂದಾಳೆತ್ತರ ಏರಿದರೆ ಅಥವಾ ಎಲೆ ಒದ್ದೆಯಾದರೆ ಹೋಗುತ್ತದೆ. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ, ಆಗ್ನೇಯಕ್ಕೆ ಬಯಲಾದ ಕಡೆ ಕಂಬ ಹುಗಿಯುವುದು ಮಾಡಿನ ಮೇಲೆ ಕೂರಿಸುವುದಕ್ಕಿಂತ ಮೇಲು. ಮರದಡಿ ಇಟ್ಟರೆ ಬಿದ್ದ ಹಾಳೆಯೊಂದು ಡಿಶ್ಶಿನ ಮುಖ ತಿರುಗಿಸಲು ಸಾಕು.

ಮಳೆಗಾಲದ ತೊಂದರೆ ಮಾತ್ರ ಪೂರ್ತಿ ಹೋಗುವಂಥದ್ದಲ್ಲ. ಸೈಟ್ ಕಾಲದ ಅಲೆಯ ಉದ್ದ ಒಂದಡಿಗೂ ಮಿಕ್ಕಿ ಇತ್ತು. ಆದ್ದರಿಂದಲೇ ತಂತಿ ಬಲೆಯ ತೂತಿನಿಂದ ಅದು ಸೋರಿ ಹೋಗಲಿಲ್ಲ, ಮಳೆಹನಿಯೂ ಅದಕ್ಕೆ ಲೆಕ್ಕಕ್ಕಿರಲಿಲ್ಲ. ಇಂದಿನ ಅಲೆ ಒಂದು ಅಂಗುಲದಷ್ಟು ಮಾತ್ರ. ಅದಕ್ಕೆ ತಗಡಿನ ಡಿಶ್ಶೇ ಬೇಕು, ದಪ್ಪ ಮಳೆ ಅದನ್ನು ನುಂಗುತ್ತದೆ. ಆಷಾಢದ ಮಳೆ ಜಡಿಯುವಾಗ ಚಿತ್ರ ಒಡೆದರೆ ಡಿಶ್ಶನ್ನು ಮುಟ್ಟದಿರಿ. ಮಳೆ ಸಣ್ಣದಾದೊಡನೆ ತಾನೇ ಬರುತ್ತದೆ. ಮಳೆ ನಿಂತು ಗಂಟೆ ಕಳೆದರೂ ಬಾರದಿದ್ದರೆ ಮೊದಲು ನೋಡಬೇಕಾದದ್ದು ಡಿಶ್ಶಿನ ಮುಂದಿನ ತಲೆಗೆ ಬರುವ ಕೇಬಲ್ಲಿನ ತಿರುಪನ್ನು. ಅಲ್ಲಿ ನೀರು ಇಳಿದು ತಾಮ್ರ ಹಸಿರುಗಟ್ಟಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸ ತಿರುಪು ಹಾಕಿಸಿ, ಮೇಲೆ ರಬ್ಬರ್ ಟೇಪು ಸುತ್ತಿಸಿರಿ.