ಆಯವ್ಯಯದ ಅಪಾಯಗಳ ಅಧ್ಯಯನ: ವಾಣಿಜ್ಯ ಪದವೀಧರರಿಗೊಂದು ವೃತ್ತಿಮಾರ್ಗ

ವ್ಯಾಪಾರ ಸಂಸ್ಥೆಯೊಂದರ ನಿಜಸ್ಥಿತಿಯನ್ನು ಅರಿಯಬಯಸುವ ಲೆಕ್ಕಪರಿಶೋಧಕನು ಆಸ್ತಿ-ಹೊಣೆ ಪಟ್ಟಿಯನ್ನು ನೋಡಿ ಸುಮ್ಮನಾಗುವುದಿಲ್ಲ. ಅದರ ಕೆಳಗಿನ ಟಿಪ್ಪಣಿಗಳನ್ನೂ ಓದುತ್ತಾನೆ. ಅನ್ಯರ ಸಾಲಕ್ಕೆ ನೀಡಿದ ಜಾಮೀನು, ತೀರ್ಪಾಗದ ತೆರಿಗೆ ವ್ಯಾಜ್ಯ ಮುಂತಾದ ಸಂಭಾವ್ಯ ಹೊಣೆಗಳು ಅಲ್ಲಿರುತ್ತವೆ. ಸರ್ಕಾರದ ಆಯವ್ಯಯಕ್ಕೂ ಇಂತಹ ಹೊಣೆಗಳುಂಟು. ಅವುಗಳನ್ನು ಗುರುತಿಸಿ, ಅಳೆದು, ಶಾಸಕರಿಗೂ ಸಾರ್ವಜನಿಕರಿಗೂ ತಿಳಿಸುವ ನೀತಿ ಸಂಶೋಧನೆಯು ಇಂದು ಒಂದು ವೃತ್ತಿಯಾಗಿ ಬೆಳೆದಿದೆ. ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ವಾಣಿಜ್ಯ ಪದವೀಧರರು ಈ ವೃತ್ತಿಯ ಹೆಸರನ್ನು ಕೇಳಿರುವುದು ಅಪರೂಪ.

ಅಂಚಿನಲ್ಲಿರುವ ಲೆಕ್ಕ

ರಾಜ್ಯಗಳ ಪೈಕಿ ವಿತ್ತೀಯ ಹೊಣೆಗಾರಿಕೆ ಕಾನೂನನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ. 2002ರ ಈ ಅಧಿನಿಯಮದ ಚೌಕಟ್ಟಿನಲ್ಲಿ ವಿತ್ತೀಯ ಕೊರತೆಯು ರಾಜ್ಯದ ಆಂತರಿಕ ಉತ್ಪನ್ನದ ಶೇ. 3ನ್ನೂ, ಒಟ್ಟು ಹೊಣೆಗಳು ಶೇ. 25ನ್ನೂ ಮೀರಬಾರದು. 2025-26ರ ಆಯವ್ಯಯವು ರೂ. 4,09,549 ಕೋಟಿ ಗಾತ್ರದ್ದಾಗಿತ್ತು. ಅದರಲ್ಲಿ ವಿತ್ತೀಯ ಕೊರತೆಯನ್ನು ರೂ. 90,428 ಕೋಟಿ, ಅಂದರೆ ಶೇ. 2.95 ಎಂದೂ, ಒಟ್ಟು ಹೊಣೆಗಳನ್ನು ರೂ. 7,64,655 ಕೋಟಿ, ಅಂದರೆ ಶೇ. 24.91 ಎಂದೂ ಅಂದಾಜಿಸಲಾಗಿತ್ತು.

ಎರಡೂ ಅಂಕಿಗಳು ಮಿತಿಯೊಳಗಿವೆ. ಆದರೆ ಅಂತರವನ್ನು ರೂಪಾಯಿಗಳಲ್ಲಿ ಲೆಕ್ಕ ಹಾಕಿದರೆ ಬೇರೊಂದು ಚಿತ್ರ ಕಾಣುತ್ತದೆ. ಕೊರತೆಯ ಮಿತಿಗೆ ಉಳಿದದ್ದು ಸುಮಾರು ರೂ. 1,500 ಕೋಟಿ, ಹೊಣೆಯ ಮಿತಿಗೆ ಸುಮಾರು ರೂ. 2,800 ಕೋಟಿ. ನಾಲ್ಕು ಲಕ್ಷ ಕೋಟಿ ದಾಟಿದ ಆಯವ್ಯಯದಲ್ಲಿ ಇದು ತೀರ ತೆಳುವಾದ ಅಂತರ. ತೆರಿಗೆ ಸಂಗ್ರಹ ತುಸು ಕುಗ್ಗಿದರೂ, ಒಂದು ದೊಡ್ಡ ಹೊಣೆ ಅನಿರೀಕ್ಷಿತವಾಗಿ ಬಂದರೂ ವೆಚ್ಚವನ್ನು ಎಲ್ಲಾದರೂ ತಡೆಹಿಡಿಯಬೇಕಾಗುತ್ತದೆ. ಸಂಬಳ, ಪಿಂಚಣಿ, ಬಡ್ಡಿಗಳನ್ನು ತಡೆಯುವಂತಿಲ್ಲ. ಆದ್ದರಿಂದ ಪೆಟ್ಟು ಸಾಮಾನ್ಯವಾಗಿ ಬೀಳುವುದು ಕಾಮಗಾರಿಗಳ ಮೇಲೆ, ಗುತ್ತಿಗೆದಾರರ ಬಿಲ್ಲುಗಳ ಮೇಲೆ, ಅವರಿಗೆ ಸಿಮೆಂಟು, ಕಬ್ಬಿಣ ಉದ್ದರಿ ಕೊಟ್ಟ ವರ್ತಕರ ಮೇಲೆ.

ಸರ್ಕಾರದ ಲೆಕ್ಕವು ನಗದು ಆಧಾರಿತವಾದುದು ಎಂಬುದನ್ನು ಇಲ್ಲಿ ನೆನಪಿಡಬೇಕು. ಕೆಲಸ ಮುಗಿದರೂ ಹಣ ಪಾವತಿಯಾಗದಿದ್ದರೆ ಆ ಮೊತ್ತವು ಆ ವರ್ಷದ ವೆಚ್ಚದಲ್ಲಿ ಸೇರುವುದಿಲ್ಲ. ಕೊರತೆಯ ಅಂಕಿ ಅಷ್ಟರ ಮಟ್ಟಿಗೆ ಚಿಕ್ಕದಾಗಿ ತೋರುತ್ತದೆ.

ಅಪಾಯದ ನಾಲ್ಕು ಮುಖಗಳು

ವಿಶ್ವಬ್ಯಾಂಕಿನ ಹಾನಾ ಪೊಲಕೋವಾ 1998ರಲ್ಲಿ ಸರ್ಕಾರಿ ಹೊಣೆಗಳನ್ನು ನಾಲ್ಕು ಮನೆಗಳ ಕೋಷ್ಟಕವಾಗಿ ವಿಂಗಡಿಸಿದರು. ಈ ವಿಷಯದ ಅಭ್ಯಾಸಿಗಳಿಗೆ ಇಂದಿಗೂ ಅದೇ ಮೊದಲ ಪಾಠ.

ಮೊದಲನೆಯದು, ಕಾನೂನಿನಂತೆ ಖಚಿತವಾಗಿ ತೀರಿಸಬೇಕಾದ ಹೊಣೆ: ಸಾಲದ ಬಡ್ಡಿ, ನೌಕರರ ಪಿಂಚಣಿ.

ಎರಡನೆಯದು, ಕಾನೂನಿನ ಕಟ್ಟಿಲ್ಲದಿದ್ದರೂ ತಪ್ಪದ ಹೊಣೆ. ಕಟ್ಟಿದ ಸೇತುವೆಯ ನಿರ್ವಹಣೆ, ಮೀನುಗಾರಿಕಾ ಬಂದರಿನ ಹೂಳೆತ್ತುವಿಕೆ ಇಂತಹವು.

ಮೂರನೆಯದು, ಒಪ್ಪಂದದಲ್ಲಿ ಬರೆದಿದ್ದರೂ ನಿರ್ದಿಷ್ಟ ಘಟನೆ ನಡೆದರೆ ಮಾತ್ರ ಬರುವ ಹೊಣೆ. ನಿಗಮಗಳ ಸಾಲಕ್ಕೆ ಸರ್ಕಾರ ನೀಡುವ ಖಾತರಿ ಇದಕ್ಕೆ ಮುಖ್ಯ ಉದಾಹರಣೆ. 2023ರಲ್ಲಿ ಆರಂಭಗೊಂಡ ಐದು 'ಗ್ಯಾರಂಟಿ' ಯೋಜನೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಆ ಯೋಜನೆಗಳು ಆಯವ್ಯಯದಲ್ಲೇ ತೋರಿಸಿದ ನೇರ ವೆಚ್ಚ. ಸಾಲದ ಖಾತರಿಗಳಿಗೆ 1999ರ ಕಾನೂನೊಂದು ಮಿತಿ ಹಾಕಿದೆ: ಬಾಕಿ ಖಾತರಿಗಳ ಮೊತ್ತವು ಎರಡು ವರ್ಷ ಹಿಂದಿನ ರಾಜಸ್ವ ಸ್ವೀಕೃತಿಯ ಶೇ. 80ನ್ನು ದಾಟುವಂತಿಲ್ಲ.

ನಾಲ್ಕನೆಯದು, ಎಲ್ಲಿಯೂ ಬರೆದಿಲ್ಲದ, ಆದರೆ ಆಪತ್ತು ಬಂದಾಗ ಸರ್ಕಾರವೇ ಹೊರಬೇಕಾದ ಹೊಣೆ. 2019ರ ಆಗಸ್ಟ್ ತಿಂಗಳ ನೆರೆಯನ್ನೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದುದನ್ನೂ ಈ ಜಿಲ್ಲೆ ಮರೆತಿಲ್ಲ. ವಿಪತ್ತು ಪರಿಹಾರ ನಿಧಿಗೆ ಕೇಂದ್ರವು ಶೇ. 75, ರಾಜ್ಯವು ಶೇ. 25 ಭರಿಸುವ ವ್ಯವಸ್ಥೆಯಿದ್ದರೂ, ನಿಧಿಯನ್ನು ಮೀರಿದ ಪುನರ್ನಿರ್ಮಾಣದ ಪ್ರಶ್ನೆ ಉಳಿದೇ ಇರುತ್ತದೆ. ವಿದ್ಯುತ್ ಸರಬರಾಜು ಕಂಪನಿಗಳ ನಷ್ಟವೂ ಇದೇ ಮನೆಗೆ ಸೇರುತ್ತದೆ. ಈ ಜಿಲ್ಲೆಗೆ ವಿದ್ಯುತ್ ನೀಡುವ ಹೆಸ್ಕಾಂ ಅಂತಹ ಸರ್ಕಾರಿ ಕಂಪನಿಗಳಲ್ಲೊಂದು.

ಕಾಸರಕೋಡಿನ ನಿದರ್ಶನ

ಶರಾವತಿಯ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ನಿರ್ಮಾಣಕ್ಕಾಗಿ 2010ರಲ್ಲಿ ಸರ್ಕಾರದೊಡನೆ ಒಪ್ಪಂದವಾಯಿತು. ಮೀನುಗಾರರ ವಿರೋಧ ಮತ್ತು ನ್ಯಾಯಾಲಯದ ವ್ಯಾಜ್ಯಗಳಿಂದ ಆ ಯೋಜನೆ ವರ್ಷಗಟ್ಟಲೆ ಸುದ್ದಿಯಲ್ಲಿದೆ. ಬಂದರು ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಆಯವ್ಯಯದ ಅಪಾಯವನ್ನು ಅಭ್ಯಸಿಸುವವನು ಕೇಳುವ ಪ್ರಶ್ನೆಗಳು ಇವು: ಒಪ್ಪಂದ ಅವಧಿಗೆ ಮುನ್ನ ರದ್ದಾದರೆ ಯಾರು ಯಾರಿಗೆ ಎಷ್ಟು ಕೊಡಬೇಕು? ಸಂಪರ್ಕ ರಸ್ತೆಯ ವೆಚ್ಚ ಯಾರದು? ತೀರ ಕೊರೆದರೆ ತಡೆಗೋಡೆ ಕಟ್ಟುವವರು ಯಾರು? ನೆಲೆ ಕಳೆದುಕೊಂಡವರಿಗೆ ಪರಿಹಾರ ಯಾವ ಲೆಕ್ಕಶೀರ್ಷಿಕೆಯಿಂದ? ಖಾಸಗಿ ಬಂಡವಾಳದ ಯೋಜನೆಯಿಂದ ಖಜಾನೆಗೆ ಹೊರೆಯಿಲ್ಲವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಒಪ್ಪಂದದ ಷರತ್ತುಗಳನ್ನು ಓದಿದ ನಂತರವೇ ಅದು ನಿಜವೋ ಅಲ್ಲವೋ ತಿಳಿಯುವುದು.

ಆರಂಭಿಕ ಹುದ್ದೆಯ ಕೆಲಸ

ಸಂಶೋಧನಾ ಸಹಾಯಕರ ಹುದ್ದೆಗೆ ಸೇರುವವರ ದಿನಚರಿಯಲ್ಲಿ ಸಿದ್ಧಾಂತಕ್ಕಿಂತ ಲೆಕ್ಕವೇ ಹೆಚ್ಚು. ಆಯವ್ಯಯದ ಅಂದಾಜು, ಪರಿಷ್ಕೃತ ಅಂದಾಜು ಮತ್ತು ವಾಸ್ತವಿಕ ಲೆಕ್ಕ ಇವುಗಳನ್ನು ವರ್ಷವಾರು ಹೊಂದಿಸುವುದು. ಮಧ್ಯಮಾವಧಿ ವಿತ್ತೀಯ ಯೋಜನೆಯ ಊಹೆಗಳು ಎಷ್ಟು ನಿಜವಾದವೆಂದು ನೋಡುವುದು. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಪ್ರಕಟಿಸುವ ಮಾಸಿಕ ಅಂಕಿಗಳನ್ನೂ ರಾಜ್ಯ ಹಣಕಾಸು ವರದಿಯನ್ನೂ ಓದುವುದು. ನಿಗಮಗಳು ಆಯವ್ಯಯದ ಹೊರಗೆ ಪಡೆದ ಸಾಲಗಳನ್ನು ಪಟ್ಟಿಮಾಡುವುದು. ಕೊನೆಗೆ ಎರಡು ಪುಟಗಳಲ್ಲಿ, ಶಾಸಕರೊಬ್ಬರು ಹತ್ತು ನಿಮಿಷದಲ್ಲಿ ಓದಿ ಮುಗಿಸುವಂತೆ ಸಾರಾಂಶ ಬರೆಯುವುದು. ಬ್ರಿಟನ್ನಿನಲ್ಲಿ 2010ರಲ್ಲಿ ಸ್ಥಾಪನೆಯಾದ ಆಯವ್ಯಯ ಹೊಣೆಗಾರಿಕೆ ಕಚೇರಿಯು 2017ರಿಂದ ಇಂತಹ ಅಪಾಯಗಳ ಪ್ರತ್ಯೇಕ ವರದಿಯನ್ನೇ ಹೊರತರುತ್ತಿದೆ.

ಪ್ರವೇಶದ ದಾರಿಗಳು

ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಹಾಗೂ 1998ರಲ್ಲಿ ಆರಂಭವಾದ ಸೆಂಟರ್ ಫಾರ್ ಬಜೆಟ್ ಅಂಡ್ ಪಾಲಿಸಿ ಸ್ಟಡೀಸ್ ಇವೆ. ದೆಹಲಿಯಲ್ಲಿ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯಿದೆ. ಪಿ.ಆರ್.ಎಸ್. ಸಂಸ್ಥೆಯ 'ಲ್ಯಾಂಪ್' ಫೆಲೋಶಿಪ್‌ನಲ್ಲಿ ಯುವ ಪದವೀಧರರು ಸಂಸದರಿಗೆ ಸಂಶೋಧನಾ ನೆರವು ನೀಡುತ್ತಾರೆ. ಖಾಯಂ ನೌಕರಿ ಬಯಸುವವರಿಗೆ ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆಯ ಮೂಲಕ ಲೆಕ್ಕಪರಿಶೋಧನಾ ಇಲಾಖೆಯ ಅಸಿಸ್ಟೆಂಟ್ ಆಡಿಟ್ ಆಫೀಸರ್ ಹುದ್ದೆಯಿದೆ. ಯಾವುದೇ ಪದವೀಧರರು ಇದನ್ನು ಬರೆಯಬಹುದು.

ಅನಾನುಕೂಲಗಳನ್ನೂ ಹೇಳಬೇಕು. ಸಂಶೋಧನಾ ಹುದ್ದೆಗಳು ಬಹುಪಾಲು ಯೋಜನೆಯ ಅವಧಿಗೆ ಸೀಮಿತ. ಮೇಲೇರಲು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಇಂಗ್ಲಿಷ್ ಬರವಣಿಗೆ ಮತ್ತು ಸಂಖ್ಯಾಶಾಸ್ತ್ರದ ಅಭ್ಯಾಸ ಅಗತ್ಯ. ಆದರೆ ಜಮಾ-ಖರ್ಚಿನ ತಿಳಿವಳಿಕೆ, ಟಿಪ್ಪಣಿ ಓದುವ ತಾಳ್ಮೆ, ಕನ್ನಡದ ಸರ್ಕಾರಿ ಆದೇಶಗಳನ್ನು ಅರ್ಥೈಸುವ ಶಕ್ತಿ ಇವು ವಾಣಿಜ್ಯ ವಿದ್ಯಾರ್ಥಿಗಳಿಗಿರುವ ಅನುಕೂಲ.

ಕುಮಟಾ, ಹೊನ್ನಾವರ, ಭಟ್ಕಳಗಳ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಐದು ವರ್ಷಗಳ ಮಧ್ಯಮಾವಧಿ ಯೋಜನೆಗಳನ್ನು ಅಂತರ್ಜಾಲದಿಂದ ಪಡೆದು, ಬಂದರು ಮತ್ತು ಮೀನುಗಾರಿಕೆಗೆ ಮೀಸಲಿಟ್ಟ ಹಣಕ್ಕೂ ಖರ್ಚಾದ ಹಣಕ್ಕೂ ಇರುವ ವ್ಯತ್ಯಾಸವನ್ನು ಒಂದು ಕೋಷ್ಟಕದಲ್ಲಿ ಬರೆದರೆ, ಅದೇ ಅವನ ಮೊದಲ ಅರ್ಜಿಯೊಡನೆ ಲಗತ್ತಿಸಬಹುದಾದ ಕೃತಿಯಾಗುತ್ತದೆ. ಮುಂದಿನ ಕಾಮಗಾರಿಗೆ ಟೆಂಡರು ಹಾಕಲಿರುವ ಗುತ್ತಿಗೆದಾರರಿಗೂ ಆ ಕೋಷ್ಟಕ ಉಪಯುಕ್ತವಾದೀತು.